ಅಯುಡುವನ್ನು ಸಂಬಳ ಮಾಡಬೇಡಿ

ಶಾಸನಸಭೆಯು ಖಜಾನೆಯ ಮೇಲೆ ದಾವೆ ಹೂಡಿದ ಸುದ್ದಿಯನ್ನು ತುನ್ ಗೊರಿಯು ಅತಾವ್‌ಗೆ ಮೊದಲು ಮುಟ್ಟಿಸಿದವನು ಎಲಾದಿಯು. ಅವನು ಪಕ್ಕದ ಮನೆಯವನು, ಎದುರು ಪಕ್ಷದವನು, ಜೊತೆಗೆ ಪಾರೆ. ಎಲಾದಿಯುವಿನ ಮಗಳು ಹೋಸೆಫಾಳನ್ನು ಜ್ಞಾನಸ್ನಾನದ ನೀರಿಗೆ ಎತ್ತಿ ಹಿಡಿದಿದ್ದವನು ಗೊರಿಯು. ಹಾಗೆ ಒಂದೇ ಮಗುವಿಗೆ ತಂದೆಯೂ ಧರ್ಮತಂದೆಯೂ ಆದವರು ಸಾಯುವವರೆಗೆ ಒಬ್ಬರಿಗೊಬ್ಬರು ಪಾರೆ. ಪಕ್ಷ ಬೇರೆಯಾದ ಮಾತ್ರಕ್ಕೆ ಆ ನಂಟು ಹರಿಯುವುದಿಲ್ಲ.

"ಪಾರೆ, ನಿನ್ನ ತಮ್ಮನ ಮಗ ಕೋರ್ಟು ಹತ್ತಿದ್ನಂತೆ," ಎಂದು ಎಲಾದಿಯು ಬೇಲಿಯ ಆಚೆಯಿಂದಲೇ ಕೂಗಿದ. "ಸಂಬಳ ಸಾಲಲ್ವಂತೆ, ಪಾಪ."

"ಸಂಬಳ ಅಲ್ಲ ಕಣೋ. ಭತ್ಯೆ."

"ಹಂದೀನ ಏನಂತ ಕರೆದ್ರೂ ಕೆಂಡದ ಮೇಲೆ ವಾಸನೆ ಒಂದೇ."

ಗೊರಿಯು ನಗಲಿಲ್ಲ. ಅವನ ಹೆಂಡತಿ ತಾನ್ ಚೋಂಗ್ ಮನಿಲಾದ ಆಸ್ಪತ್ರೆಯಲ್ಲಿದ್ದಳು. (ಹಿರಿಯ ಗಂಡಸರನ್ನು ತುನ್, ಹೆಂಗಸರನ್ನು ತಾನ್ ಎಂದು ಕರೆಯುವುದು ನಮ್ಮಲ್ಲಿ ಮರ್ಯಾದೆ.) ಕೆನ್ನೆಯ ಒಳಗೆ ಹುಟ್ಟಿದ ಹುಣ್ಣು ದವಡೆಗೆ ಇಳಿದಿತ್ತು. ನಮ್ಮ ದ್ವೀಪದಲ್ಲಿ ವಿಕಿರಣ ಚಿಕಿತ್ಸೆಯ ಯಂತ್ರವಿಲ್ಲ. ಅಂಥ ರೋಗಿಗಳನ್ನು ಸರ್ಕಾರ ತನ್ನ ಖರ್ಚಿನಲ್ಲಿ ಮನಿಲಾಕ್ಕೆ ಕಳಿಸುತ್ತದೆ. ಆದರೆ ಮಂಜೂರಾದ ಅವಧಿ ಮುಗಿದಾಗ ಚೋಂಗ್‌ಳ ಚಿಕಿತ್ಸೆ ಅರ್ಧಕ್ಕಿತ್ತು. ವಯಸ್ಸು ಕಾರಣವಾಗಿ ಅವಧಿ ಮತ್ತೆ ವಿಸ್ತರಿಸಲಾಗದು ಎಂದು ಸಮಿತಿ ಹೇಳಿತು. ಅಂದಿನಿಂದ ಅವಳ ಆಸ್ಪತ್ರೆಯ ಖರ್ಚು, ಜೊತೆಗಿದ್ದ ಮಗಳು ರೀತಾಳ ಊಟ, ಬಾಡಿಗೆ, ಎಲ್ಲವೂ ಬರುತ್ತಿದ್ದುದು ಗೊರಿಯುವಿನ ತಮ್ಮನ ಮಗ ಮೆಲ್ಚೊರ್‌ನ ಭತ್ಯೆಯಿಂದ. ಮೆಲ್ಚೊರ್ ಕೆಳಮನೆಯ ಸಭಾಧ್ಯಕ್ಷ.

ಎಲಾದಿಯುವಿನ ಹೋಸೆಫಾ ಕೂಡ ಅದೇ ಆಸ್ಪತ್ರೆಯಲ್ಲಿದ್ದಳು, ಚೋಂಗ್‌ಳ ಪಕ್ಕದ ಹಾಸಿಗೆಯಲ್ಲಿ. ಅವಳದು ಗರ್ಭಕೋಶದ ಕ್ಯಾನ್ಸರ್. ವಯಸ್ಸು ಚಿಕ್ಕದಾದ್ದರಿಂದ ಸರ್ಕಾರದ ಹಣವೇ ಇನ್ನೂ ನಡೆಯುತ್ತಿತ್ತು.

ದಾವೆಯ ಸಂಗತಿ ಇಷ್ಟು. ಶಾಸಕರ ಸಂಬಳವು ಬೆಲೆ ಸೂಚ್ಯಂಕ ಏರಿದಷ್ಟೇ ಏರಬೇಕು, ಅದಕ್ಕಿಂತ ಒಂದು ಕಾಸೂ ಹೆಚ್ಚಾಗಕೂಡದು ಎಂದು ನಮ್ಮ ಸಂವಿಧಾನ ಹೇಳುತ್ತದೆ. ಸಂಬಳ ಏರಿಸಲಾಗದ ಶಾಸಕರು ವರ್ಷ ವರ್ಷವೂ ಭತ್ಯೆ ಏರಿಸಿಕೊಂಡರು. ಅದಕ್ಕೆ ರಸೀದಿ ಬೇಡ, ಲೆಕ್ಕ ಬೇಡ. ಈ ವರ್ಷ ಹೊಸದಾಗಿ ಬಂದ ಖಜಾನೆ ಕಾರ್ಯದರ್ಶಿ ಹಣ ತಡೆಹಿಡಿದರು. ಲೆಕ್ಕ ಕೇಳದೆ ಕೊಡುವ ಹಣ ಹೆಸರಿಗೆ ಭತ್ಯೆಯಾದರೂ ಸಂಬಳವೇ, ಆದ್ದರಿಂದ ಮಿತಿಗೆ ಒಳಪಟ್ಟದ್ದು ಎಂಬುದು ಅವರ ವಾದ. ಹಣ ಬಿಡುಗಡೆ ಮಾಡಿಸಲು ಶಾಸನಸಭೆ ನ್ಯಾಯಾಲಯಕ್ಕೆ ಹೋಯಿತು.

ಹಣ ನಿಂತರೆ ಯಾವುದು ನಿಲ್ಲುತ್ತದೆ ಎಂಬುದು ಗೊರಿಯುವಿಗೆ ಗೊತ್ತಿತ್ತು.

*

ಆ ಭಾನುವಾರ ಪೂಜೆ ಮುಗಿದ ಮೇಲೆ ಮೆಲ್ಚೊರ್ ಬಂದ. ಬಂದವನೇ ಬಗ್ಗಿ ದೊಡ್ಡಪ್ಪನ ಬಲಗೈಯನ್ನು ಮೂಗಿಗೆ ತಾಗಿಸಿ "ಞೊಟ್" ಎಂದು ವಂದಿಸಿದ. ಗೊರಿಯು ಎಲ್ಲ ಹಿರಿಯರೂ ಹೇಳುವಂತೆ "ದಿಯೋಸ್ತಿ ಅಯುಡಿ" ಎಂದ. ದೇವರು ನಿನಗೆ ಅಯುಡು ಮಾಡಲಿ, ನೆರವಾಗಲಿ.

"ತಿಹು, ಸುತ್ತಿ ಬಳಸಿ ಮಾತಾಡಲ್ಲ," ಎಂದ ಮೆಲ್ಚೊರ್ ಕುರ್ಚಿ ಎಳೆದುಕೊಂಡು. ಅವನಿಗೆ ದೊಡ್ಡಪ್ಪ ತಿಹು, ದೊಡ್ಡಮ್ಮ ತಿಹಾ. "ನೀವು ಸಾಕ್ಷಿ ಹೇಳ್ಬೇಕು."

"ನಾನಾ? ನಂಗೇನು ಗೊತ್ತು ನಿಮ್ಮ ಭತ್ಯೆ ವಿಷಯ?"

"ಸಂವಿಧಾನ ಬರೆದೋರಲ್ಲಿ ಈಗ ನೆಟ್ಟಗೆ ಉಳಿದಿರೋರು ನೀವೊಬ್ರೇ. ತುನ್ ಫೆಲಿಸ್‌ಗೆ ತನ್ನ ಹೆಂಡ್ತಿ ಹೆಸರೇ ನೆನಪಿಲ್ಲ."

"ಅದು ಅವನಿಗೆ ಮೊದಲಿಂದಾನೂ ನೆನಪಿರ್ತಿರ್ಲಿಲ್ಲ," ಎಂದ ಗೊರಿಯು.

ಮೆಲ್ಚೊರ್ ನಕ್ಕ. ನಗುವಾಗಲೂ ಅವನ ಕಣ್ಣುಗಳು ಕೆಂಪಗೆ ದಣಿದಿದ್ದವು. ಜೇಬಿನಿಂದ ಒಂದು ಹಾಳೆ ತೆಗೆದು ಓದಿದ. ಅದು ಸಂವಿಧಾನ ರಚನಾ ಸಭೆಯ ಇಂಗ್ಲಿಷ್ ನಡಾವಳಿಯ ಪ್ರತಿ. ಮೂಲ ಭಾಷಣಗಳಿದ್ದ ಧ್ವನಿಸುರುಳಿಗಳು ಒಂದು ಚಂಡಮಾರುತದಲ್ಲಿ ನೀರು ಕುಡಿದು ಹಾಳಾಗಿವೆ. ನಡಾವಳಿಯಲ್ಲಿ, ಸಂಬಳದ ಮಿತಿಯ ಚರ್ಚೆ ನಡೆದ ದಿನ, ಪ್ರತಿನಿಧಿ ಗ್ರೆಗೋರಿಯೊ ಅತಾವ್, ಅಂದರೆ ಗೊರಿಯುವೇ, ಹೇಳಿದರೆಂದು ಒಂದೇ ಸಾಲು ಇತ್ತು. ಭತ್ಯೆಯನ್ನು ಸಂಬಳ ಮಾಡಬಾರದು.

"ನಾನು ಹಿಂಗೆ ಹೇಳಿರ್ಲಿಲ್ಲ. ನಾನು ನಮ್ಮ ಚಮೊರು ಭಾಷೇಲಿ ಹೇಳಿದ್ದು," ಎಂದ ಗೊರಿಯು.

"ಗೊತ್ತು. ಏನಂದ್ರಿ?"

"ಅಯುಡುವನ್ನ ಸುಯೆಟ್ಡೊ ಮಾಡ್ಬೇಡಿ ಅಂದೆ. ನೆರವನ್ನ ಸಂಬಳ ಮಾಡ್ಬೇಡಿ. ಇಂಗ್ಲಿಷಿಗೆ ಬರ್ಕೊಂಡೋರು ನೆರವನ್ನ ಭತ್ಯೆ ಮಾಡಿದಾರೆ."

"ಅದೇ ಅಲ್ವಾ ತಿಹು ನಾವೂ ಹೇಳ್ತಿರೋದು? ಜನಕ್ಕೆ ನೆರವಾಗೋ ದುಡ್ಡನ್ನ ಸಂಬಳದ ಲೆಕ್ಕಕ್ಕೆ ಹಿಡೀಬೇಡಿ."

ಒಂದೇ ಸಾಲು ಎರಡು ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಗೊರಿಯು ಅಂದು ಹೇಳಿದ್ದರ ಅರ್ಥ ಇನ್ನೊಂದು ದಿಕ್ಕಿನದು.

ಸಂವಿಧಾನ ಇನ್ನೂ ಬರದಿದ್ದ ಕಾಲದಲ್ಲಿ, ಒಂದು ದೊಡ್ಡ ಚಂಡಮಾರುತದ ಮರುವಾರ, ಸರ್ಕಾರ ಹಡಗಿನಲ್ಲಿ ಅಕ್ಕಿ ಕಳಿಸಿತ್ತು. ಅದನ್ನು ಜಿಲ್ಲೆಯ ಸದಸ್ಯನೊಬ್ಬ ತನ್ನ ಲಾರಿಯಲ್ಲಿ ತುಂಬಿಕೊಂಡು ಊರೂರು ಸುತ್ತಿದ. ಇದು ನನ್ನ ಅಯುಡು, ತಗೊಳ್ಳಿ ಎಂದು ತನ್ನ ಕೈಯಾರೆ ಹಂಚಿದ. ಅವನಿಗೆ ಮತ ಹಾಕದ ಮನೆಗಳ ಮುಂದೆ ಲಾರಿ ನಿಲ್ಲಲಿಲ್ಲ. ಚೋಂಗ್‌ಳ ತವರಿನ ಮುಂದೆಯೂ ನಿಲ್ಲಲಿಲ್ಲ. ಅವಳ ತಾಯಿ ಲಾರಿಯ ಹಿಂದೆ ಬೋಗುಣಿ ಹಿಡಿದು ಹೋಗಿ ಬರಿಗೈಯಲ್ಲಿ ಬಂದಳು. ಆಗ ಗೊರಿಯು ಹೊಸದಾಗಿ ಮದುವೆಯಾದ ಶಾಲಾ ಮೇಷ್ಟ್ರು. ಆಮೇಲೆ ರಚನಾ ಸಭೆಗೆ ಆರಿಸಿ ಹೋದಾಗ ಅವನಿಗೆ ಆ ಲಾರಿ ಮರೆತಿರಲಿಲ್ಲ. ನೆರವೆಂದರೆ ಮನುಷ್ಯ ತನ್ನ ತೋಟದ್ದನ್ನು, ತನ್ನ ಬಲೆಯ ಮೀನನ್ನು ಕೊಡುವುದು. ಸರ್ಕಾರದ ಹಣವನ್ನು ನೆರವಿನ ಹೆಸರಲ್ಲಿ ಶಾಸಕನ ಕೈಗೆ ಕೊಟ್ಟರೆ ಅದು ಅವನ ಇನ್ನೊಂದು ಸಂಬಳ, ಅದನ್ನು ಮಾಡಬೇಡಿ. ಅವನು ಹೇಳಿದ್ದು ಇದು. ಆ ಸಂಜೆ ಮನೆಗೆ ಬಂದು ಚೋಂಗ್‌ಳಿಗೆ ಹೇಳಿದಾಗ ಅವಳು, "ಅಂತೂ ಅಮ್ಮನ ಬೋಗುಣಿ ಸಭೇಲಿ ಮಾತಾಡ್ತು," ಎಂದಿದ್ದಳು.

"ಖಜಾನೆಯೋರು ತಿಹಾಳ ಬಿಲ್ಲನ್ನ ವಾಪಸ್ ಕಳಿಸಿದಾರೆ," ಎಂದ ಮೆಲ್ಚೊರ್. "ಈ ತಿಂಗಳು ನನ್ನ ಕೈಯಿಂದ ಹಾಕಿದೀನಿ. ಮುಂದಿನ ತಿಂಗಳು ನನ್ನಿಂದ ಆಗಲ್ಲ ತಿಹು. ನಿಮ್ಮ ಮುಂದೆ ಸುಳ್ಳು ಹೇಳಲ್ಲ."

"ನಿನಗೆ ಸಂಬಳ ಬರುತ್ತಲ್ಲೋ."

"ಸಂಬಳಾನಾ? ಈ ಊರಲ್ಲಿ ಶಾಸಕ ಅಂದ್ರೆ ಏನು ಹೇಳಿ? ಮದುವೆ ಊಟಕ್ಕೆ ಅವನ ಹಂದಿ, ಸಾವಿನ ಊಟಕ್ಕೂ ಅವನ ಹಂದಿ. ಕರೆಂಟ್ ಕಿತ್ರೆ ಅವನ ಹತ್ರ ಬರ್ತಾರೆ. ಮಗ ಜೈಲಿಗೆ ಹೋದ್ರೆ ಜಾಮೀನಿಗೆ ಅವನ ಹತ್ರ ಬರ್ತಾರೆ. ಇವತ್ತು ಬೆಳಗ್ಗೆ ನಾನು ಹಲ್ಲುಜ್ಜೋಕೆ ಮುಂಚೆ ಅಂಗಳದಲ್ಲಿ ನಾಲ್ಕು ಮನೆಯೋರು ಕೂತಿದ್ರು. ಇಲ್ಲ ಅಂದ್ರೆ ಅವರ ಅಜ್ಜಿ ನನ್ನ ಅಜ್ಜಿಗೆ ಹೆರಿಗೆ ಮಾಡಿಸಿದ ಕಥೆ ತೆಗೀತಾರೆ. ಆ ಸಂಬಳದಲ್ಲಿ ನನ್ನ ಹೆಂಡ್ತಿ ಒಂದು ಚಪ್ಪಲಿ ಕೊಂಡಿದ್ದು ನಾನು ನೋಡಿಲ್ಲ."

ಅದು ಸುಳ್ಳಲ್ಲ. ಗೊರಿಯು ತಾನೇ ಆ ಅಂಗಳದಲ್ಲಿ ಕೂತು ಬಂದಿದ್ದ.

"ಒಂದೇ ಮಾತು ತಿಹು. ನೀವು ಹೇಳಿದ್ದನ್ನೇ ಹೇಳಿ. ಒಂದಕ್ಷರ ಬದಲಾಯಿಸ್ಬೇಡಿ. ಅರ್ಥ ವಕೀಲರು ನೋಡ್ಕೊತಾರೆ."

*

ನ್ಯಾಯಾಲಯ ತುಂಬಿತ್ತು. ಶಾಸಕರು ಒಂದು ಬದಿಯ ಬೆಂಚುಗಳಲ್ಲಿ ಕುಳಿತಿದ್ದರು. ಇನ್ನೊಂದು ಬದಿಯಲ್ಲಿ ಪಿಂಚಣಿ ಕಡಿತವಾದ ನಿವೃತ್ತರು, ಬೇರೆ ಕೆಲಸವಿಲ್ಲದವರು, ಪತ್ರಿಕೆಯವರು. ಎಲಾದಿಯು ಕೊನೆಯ ಬೆಂಚಿನಲ್ಲಿದ್ದ. ಗೊರಿಯು ಸಾಕ್ಷಿ ಕಟ್ಟೆಗೆ ನಡೆಯುವಾಗ ಅವನ ತೋಳು ತಟ್ಟಿ, "ಅವತ್ತು ಸಭೇಲಿ ನಿನ್ನ ಭಾಷಣಕ್ಕೆ ಎಲ್ರೂ ತೂಕಡಿಸಿದ್ರು. ಈಗ ನೋಡು, ಟಿಕೆಟ್ ಇಟ್ಟಿದ್ರೂ ಜನ ಬರ್ತಿದ್ರು," ಎಂದ.

ಗೊರಿಯುವಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆದರೂ ಚಮೊರುವಿನಲ್ಲೇ ಹೇಳುತ್ತೇನೆಂದ. ಅದು ಅವನ ಹಕ್ಕು. ನ್ಯಾಯಾಲಯದ ದುಭಾಷಿ ಎಸ್ಕೊಲಾಸ್ತಿಕಾ ಪಕ್ಕದಲ್ಲಿ ನಿಂತಳು. ಅವನು ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ.

ಶಾಸನಸಭೆಯ ವಕೀಲ ಹೊರಗಿನಿಂದ ಬಂದ ಅಮೆರಿಕನ್. ಅಂದು ನೀವು ಏನು ಹೇಳಿದಿರಿ ಎಂದು ಕೇಳಿದ. ಗೊರಿಯು ಹೇಳಿದ, ಅದೇ ಸಾಲು, ಒಂದಕ್ಷರ ಬದಲಾಯಿಸದೆ. ಇಷ್ಟು ಹೇಳಿ ಇಳಿದುಬಿಡಬಹುದು ಎಂದು ಅವನು ಎಣಿಸಿದ್ದ. ಆದರೆ ಎಸ್ಕೊಲಾಸ್ತಿಕಾ ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದವಳು ನಿಂತುಬಿಟ್ಟಳು.

"ಸ್ವಾಮಿ, ಅಯುಡು ಅನ್ನೋದಕ್ಕೆ ಯಾವ ಪದ ಹಾಕ್ಲಿ?" ಎಂದು ನ್ಯಾಯಾಧೀಶರನ್ನು ಕೇಳಿದಳು. "ನೆರವು ಅಂತ ಹಾಕಿದ್ರೆ ಒಂದು ಅರ್ಥ. ಭತ್ಯೆ ಅಂತ ಹಾಕಿದ್ರೆ ಇನ್ನೊಂದು. ಹಳೆ ನಡಾವಳೀಲಿ ಭತ್ಯೆ ಅಂತಿದೆ. ನಂಗೆ ಗೊತ್ತಾಗ್ತಿಲ್ಲ."

ನ್ಯಾಯಾಧೀಶರೂ ಚಮೊರು ಮನೆಯವರೇ. ಅವರು ಕನ್ನಡಕ ತೆಗೆದಿಟ್ಟು, "ಹೇಳಿದೋರು ಇಲ್ಲೇ ಇದಾರಲ್ಲ, ಅವರನ್ನೇ ಕೇಳೋಣ," ಎಂದರು. ಆಮೇಲೆ ಗೊರಿಯುವಿನ ಕಡೆ ತಿರುಗಿ ನಮ್ಮ ಭಾಷೆಯಲ್ಲೇ ಕೇಳಿದರು. "ತುನ್ ಗೊರಿಯು, ಅಯುಡು ಅಂದಾಗ ನಿಮ್ಮ ಮನಸ್ಸಲ್ಲಿದ್ದಿದ್ದು ಏನು? ಜನಕ್ಕೆ ಸಿಗೋ ನೆರವಾ, ಸದಸ್ಯರಿಗೆ ಸಿಗೋ ಭತ್ಯೆಯಾ?"

ಗೊರಿಯು ಮೆಲ್ಚೊರ್‌ನನ್ನು ನೋಡಲಿಲ್ಲ. ಕಟ್ಟೆಯ ಮರದ ಅಂಚನ್ನು ನೋಡುತ್ತಿದ್ದ. ಅಂದು ಬೆಳಿಗ್ಗೆ ರೀತಾ ಫೋನಿನಲ್ಲಿ, ಅಮ್ಮನಿಗೆ ಅಕ್ಕಿಗಂಜಿ ಇಳಿಯುತ್ತಿದೆ, ಊತ ಕಡಿಮೆಯಾಗಿದೆ, ಇನ್ನೊಂದು ಸುತ್ತು ಚಿಕಿತ್ಸೆ ಮುಗಿಸಿದರೆ ಬಿಡುತ್ತೇವೆ ಅಂತಾರೆ ಎಂದಿದ್ದಳು.

"ಅಲೋವೆನ್ಸ್," ಎಂದ.

ಆ ಪದವನ್ನು ಅವನು ಇಂಗ್ಲಿಷಿನಲ್ಲೇ ಹೇಳಿದ. ಎಸ್ಕೊಲಾಸ್ತಿಕಾಗೆ ತಿರುಗಿಸುವ ಕೆಲಸ ಉಳಿಯಲಿಲ್ಲ.

ಖಜಾನೆಯ ಪರ ವಕೀಲೆ ಮಿರಿಯಮ್ ಪಾಟೀಸವಾಲಿಗೆ ಎದ್ದಳು. ಊರಿನ ಹುಡುಗಿ, ಗೊರಿಯುವಿನ ಹಳೆಯ ವಿದ್ಯಾರ್ಥಿನಿಯ ಮಗಳು.

"ತುನ್ ಗೊರಿಯು, ನೀವು ಆ ಮಾತಾಡಿದಾಗ ಸದಸ್ಯರಿಗೆ ಭತ್ಯೆ ಅಂತ ಏನಾದ್ರೂ ಇತ್ತಾ?"

"ಇರ್ಲಿಲ್ಲ."

"ಇಲ್ಲದೇ ಇರೋ ಭತ್ಯೆ ಬಗ್ಗೆ ಯಾಕೆ ಮಾತಾಡಿದ್ರಿ?"

"ಮುಂದೆ ಬರಬಹುದು ಅಂತ."

"ಅಷ್ಟು ದೂರ ನೋಡಿದ್ರಾ?"

"ಮೇಷ್ಟ್ರು ನಾನು. ಮುಂದಿನ ಬೆಂಚಿಗಿಂತ ಹಿಂದಿನ ಬೆಂಚು ನೋಡಿ ಅಭ್ಯಾಸ."

ಜನ ನಕ್ಕರು. ಮಿರಿಯಮ್ ನಗಲಿಲ್ಲ. "ಈಗ ನಿಮ್ಮ ಮನೆಯಲ್ಲಿ ಯಾರಾದ್ರೂ ಈ ಭತ್ಯೆಯಿಂದ ಸಹಾಯ ಪಡೀತಿದಾರಾ?"

ಅಮೆರಿಕನ್ ವಕೀಲ ಆಕ್ಷೇಪಿಸಲು ಎದ್ದ. ಅಷ್ಟರಲ್ಲಿ ಗೊರಿಯು ಹೇಳಿಬಿಟ್ಟಿದ್ದ. "ಈ ದ್ವೀಪದಲ್ಲಿ ಪಡೀದೆ ಇರೋರು ಯಾರಮ್ಮ? ನಿಮ್ಮ ಅಜ್ಜ ಸತ್ತಾಗ ಪೆಟ್ಟಿಗೆ ಯಾರ ಭತ್ಯೇಲಿ ಬಂತು?"

ಈ ಸಲ ನಗು ಗೋಡೆಗೆ ಬಡಿಯಿತು. ನ್ಯಾಯಾಧೀಶರೂ ಬಾಯಿಗೆ ಕೈ ಅಡ್ಡ ಹಿಡಿದರು. ಮಿರಿಯಮ್‌ಳ ಕಿವಿ ಕೆಂಪಾಯಿತು. ಅವಳು ಕುಳಿತಳು. ಕೊನೆಯ ಬೆಂಚಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಎಲಾದಿಯು.

*

ತೀರ್ಪು ಶಾಸನಸಭೆಯ ಪರವಾಗಿ ಬಂತು. ಸಂಬಳಕ್ಕೆ ಮಿತಿ ಇದೆ, ಭತ್ಯೆಗೆ ಇಲ್ಲ. ಸಂವಿಧಾನ ಬರೆದವರು ಎರಡನ್ನೂ ಬೇರೆಯಾಗಿಯೇ ಇಡಲು ಬಯಸಿದ್ದರು ಎಂಬುದು ಪ್ರತಿನಿಧಿ ಅತಾವ್ ಅವರ ಸಾಕ್ಷ್ಯದಿಂದ ಸ್ಪಷ್ಟವಾಗುತ್ತದೆ ಎಂದು ನ್ಯಾಯಾಲಯ ಹೇಳಿತು. ಪತ್ರಿಕೆ ಮುಖಪುಟದಲ್ಲಿ ಗೊರಿಯುವಿನ ಚಿತ್ರ ಹಾಕಿತು. ಖಜಾನೆ ಮೇಲ್ಮನವಿ ಸಲ್ಲಿಸಲಿಲ್ಲ. ಕಾರ್ಯದರ್ಶಿಯನ್ನು ಬದಲಾಯಿಸಲಾಗಿತ್ತು.

ಮನಿಲಾದ ಬಿಲ್ಲು ಪಾವತಿಯಾಯಿತು.

ಆಮೇಲೆ ಬಜೆಟ್ ಬಂತು. ಮಿತಿ ಹೋದ ಮೇಲೆ ಭತ್ಯೆ ಎಷ್ಟಿರಬೇಕೆಂದು ಹೇಳುವವರು ಇರಲಿಲ್ಲ. ಶಾಸಕರು ಅದನ್ನು ದುಪ್ಪಟ್ಟಿಗಿಂತ ಹೆಚ್ಚು ಮಾಡಿಕೊಂಡರು. ಹಣ ಎಲ್ಲಿಂದಲೋ ಬರಬೇಕಿತ್ತು. ರೋಗಿಗಳನ್ನು ಹೊರಗೆ ಕಳಿಸುವ ಸರ್ಕಾರಿ ನಿಧಿಯಿಂದ ಅದನ್ನು ತೆಗೆದರು. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದು ಸದನದಲ್ಲಿ ವಿವರಿಸಲಾಯಿತು. ಸಮಿತಿಯ ಬದಲು ಇನ್ನು ಮುಂದೆ ಪ್ರತಿ ಸದಸ್ಯನೂ ತನ್ನ ಕ್ಷೇತ್ರದ ರೋಗಿಗಳಿಗೆ ತಾನೇ ಅಯುಡು ಕೊಡುತ್ತಾನೆ. ಕಾಗದಪತ್ರ ಕಡಿಮೆ, ಕೆಲಸ ಬೇಗ.

ಫೋನು ಬಂದಾಗ ಗೊರಿಯು ಅಂಗಳ ಗುಡಿಸುತ್ತಿದ್ದ. ಸಾಮಾನ್ಯವಾಗಿ ಮಾತಾಡುವವಳು ರೀತಾ. ಚೋಂಗ್‌ಳಿಗೆ ದವಡೆ ಬಿಡಿಸಿ ಮಾತಾಡುವುದು ನೋವು. ಆ ದಿನ ಅವಳೇ ಇದ್ದಳು. ಪದಗಳು ಒದ್ದೆ ಬಟ್ಟೆಯಲ್ಲಿ ಸುತ್ತಿದಂತೆ ಬರುತ್ತಿದ್ದವು.

"ಹೋಸೆಫಾಗೆ ನೋಟೀಸ್ ಬಂದಿದೆ. ಊರಿಗೆ ಕಳಿಸ್ತಾರಂತೆ."

"ಯಾಕೆ? ಅವಳದ್ದು ಮುಗಿದಿಲ್ವಲ್ಲ."

"ಸರ್ಕಾರದ ದುಡ್ಡು ನಿಂತಿದೆಯಂತೆ. ನಿಮ್ಮ ಸದಸ್ಯರನ್ನ ಕೇಳಿ ಅಂದ್ರಂತೆ." ಅವಳು ಉಸಿರು ತೆಗೆದುಕೊಂಡಳು. "ಆ ತೀರ್ಪು ರೀತಾ ಓದಿ ಹೇಳಿದ್ಳು. ಅಪ್ಪನ ಹೆಸರು ಬಂದಿದೆ ಅಂತ ಕುಣಿದ್ಳು. ಗೊರಿಯು, ಕೋರ್ಟಲ್ಲಿ ನೀನು ಏನಂದೆ?"

"ಅವತ್ತು ಹೇಳಿದ್ದನ್ನೇ ಹೇಳ್ದೆ."

"ಆಮೇಲೆ?"

ಫೋನಿನಲ್ಲಿ ಆಸ್ಪತ್ರೆಯ ಗಾಡಿಯೊಂದು ಉರುಳುವ ಸದ್ದು ಕೇಳಿಸುತ್ತಿತ್ತು.

"ಹೋಸೆಫಾ ನಿನ್ನ ಮಗಳೂ ಹೌದು," ಎಂದಳು ಚೋಂಗ್. "ಏನಾದ್ರೂ ಮಾಡು."

*

ಮೆಲ್ಚೊರ್‌ನ ಅಂಗಳದಲ್ಲಿ ಈಗ ಡೇರೆ ಹಾಕಿಸಿದ್ದರು, ಬಿಸಿಲಿಗೆ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಕುಳಿತಿದ್ದರು. ಕೆಲವರ ಕೈಯಲ್ಲಿ ಎಕ್ಸ್‌ರೇ ಲಕೋಟೆಗಳಿದ್ದವು. ಗೊರಿಯುವನ್ನು ಕಂಡು ಕೆಲವರು ಎದ್ದು ಬಂದು ಅವನ ಕೈಗೆ ಮೂಗು ತಾಗಿಸಿದರು. ಒಬ್ಬಳು, "ತುನ್ ಗೊರಿಯು, ನೀವೊಂದು ಮಾತು ಹೇಳಿ ನನ್ನ ಗಂಡನ ವಿಷಯ. ನಿಮ್ಮ ಮಾತು ಅವರು ತೆಗೆದುಹಾಕಲ್ಲ," ಎಂದಳು.

ಒಳಗೆ ಮೆಲ್ಚೊರ್ ನಿಂತುಕೊಂಡೇ ಅನ್ನ ಮೀನು ತಿನ್ನುತ್ತಿದ್ದ.

"ಹೋಸೆಫಾಗೆ ಕೊಡು," ಎಂದ ಗೊರಿಯು. "ಬೇರೇನೂ ಕೇಳಲ್ಲ."

"ಅವರ ಸದಸ್ಯ ನಾನಲ್ಲ ತಿಹು."

"ಪಕ್ಕದ ಮನೆ ಕಣೋ. ಒಂದೇ ಬೇಲಿ."

"ಎಲಾದಿಯು ವೋಟು ಹಾಕೋದು ತನ್ನ ಮಗನ ವಿಳಾಸದಲ್ಲಿ, ಆ ಕ್ಷೇತ್ರದಲ್ಲಿ. ನಾನು ಸೋಲ್ಲಿ ಅಂತಾನೇ ಅಲ್ಲಿಗೆ ಹೆಸರು ಬದಲಾಯಿಸ್ದೋನು. ಊರಿಗೆಲ್ಲ ಹೇಳ್ಕೊಂಡು ತಿರುಗಿದ." ಮೆಲ್ಚೊರ್ ತಟ್ಟೆ ಕೆಳಗಿಟ್ಟ. "ಅದನ್ನ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಆದ್ರೆ ಹೊರಗೆ ಕೂತಿರೋರನ್ನ ನೋಡಿದ್ರಲ್ಲ? ನಂಗೆ ವೋಟು ಹಾಕಿದೋರನ್ನ ಕೂರಿಸಿ ಅವನ ಮಗಳಿಗೆ ಕೊಟ್ರೆ, ನಾಳೆ ನನ್ನ ಮನೆ ಕಿಟಕಿ ಉಳಿಯುತ್ತಾ? ಅವರ ಸದಸ್ಯನ್ನ ಕೇಳ್ಲಿ."

"ಕೇಳಿದ. ಹೋಸೆಫಾಳ ಗಂಡನ ಮನೆಯೋರು ನಿನ್ನ ಪಕ್ಷದೋರು, ನಿನ್ನ ಹತ್ರಾನೇ ಹೋಗ್ಲಿ ಅಂದ್ನಂತೆ ಆ ಸದಸ್ಯ."

"ಅದಕ್ಕೆ ನಾನೇನು ಮಾಡ್ಲಿ?"

ಗೊರಿಯು ಬಾಗಿಲು ಮುಚ್ಚಿದ. "ನಾನು ನ್ಯಾಯಾಧೀಶರ ಹತ್ರ ಹೋಗ್ತೀನಿ. ಸುಳ್ಳು ಹೇಳ್ದೆ ಅಂತೀನಿ."

ಮೆಲ್ಚೊರ್ ಸಿಟ್ಟಾಗಲಿಲ್ಲ. ಅವನಿಗೆ ಇದು ನಿಜಕ್ಕೂ ಹೊಸ ಸುದ್ದಿಯಾಗಿತ್ತು.

"ಸುಳ್ಳಾ?" ಎಂದ. "ನಾನು ನಿಮಗೆ ಸುಳ್ಳು ಹೇಳಿ ಅಂದಿರ್ಲಿಲ್ಲ ತಿಹು."

"ಅಂದಿರ್ಲಿಲ್ಲ."

"ಹೋಗಿ ಹೇಳಿ ಹಾಗಾದ್ರೆ. ನಾನು ತಡೆಯಲ್ಲ. ಹಣ ಮತ್ತೆ ತಡೆಹಿಡೀತಾರೆ. ತಿಹಾ ಕೂಡ ಬರ್ತಾಳೆ, ಹೊರಗೆ ಕೂತಿರೋ ಅಷ್ಟೂ ಜನ ಮನೆಗೆ ಹೋಗ್ತಾರೆ. ಸರ್ಕಾರಿ ನಿಧಿ ಆಗ್ಲೇ ಖಾಲಿ, ಅದು ಈ ವರ್ಷ ತುಂಬಲ್ಲ. ಹೋಸೆಫಾಗೆ ಒಂದು ಮಾತ್ರೆ ಕೂಡ ಸಿಗಲ್ಲ." ಅವನು ಕೈ ತೊಳೆದುಕೊಂಡು ಒರೆಸಿಕೊಂಡ. "ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ನಿಮ್ಮನ್ನ ಒಳಗೆ ಹಾಕ್ತಾರೋ ಏನೋ. ಆದ್ರೂ ಹೇಳ್ಬೇಕು ಅನ್ಸಿದ್ರೆ ಹೇಳಿ."

ಗೊರಿಯು ಹೊರಗೆ ಬಂದ. ನ್ಯಾಯಾಲಯದ ಕಡೆ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಎಲಾದಿಯು ಬೇಲಿಯ ಬಳಿ ನಿಂತು, "ಮಾತಾಡ್ದೆಯಾ ಪಾರೆ?" ಎಂದಾಗ, "ಆಗಲ್ವಂತೆ," ಎಂದ.

"ನೀನು ಕೇಳಿದ್ಯಲ್ಲ, ಸಾಕು," ಎಂದ ಎಲಾದಿಯು. "ನಿನ್ನ ಬಾಯಿಂದಾನೂ ಆಗ್ಲಿಲ್ಲ ಅಂದ್ರೆ ಇನ್ಯಾರಿಂದ ಆಗುತ್ತೆ." ಹುಟ್ಟಿದಾಗಿನಿಂದ ಒಂದಾದರೂ ಕೊಂಕು ಸೇರಿಸದೆ ಅವನು ಮಾತು ಮುಗಿಸಿದ್ದನ್ನು ಗೊರಿಯು ಕೇಳಿರಲಿಲ್ಲ.

ಎರಡನೆಯ ಫೋನು ರೀತಾಳದು. ಅವಳು ಅಳುತ್ತಿದ್ದಳು. "ಅಪ್ಪಾ, ಅಮ್ಮ ಕೊನೇ ಸುತ್ತು ಬೇಡ ಅಂತಿದಾಳೆ. ಹೋಸೆಫಾ ಜೊತೆ ಹೊರಡ್ತಾಳಂತೆ. ಡಾಕ್ಟರು ಎಷ್ಟು ಹೇಳಿದ್ರೂ ಕೇಳ್ತಿಲ್ಲ. ನೀನು ಹೇಳು."

"ಕೊಡು ಅವಳಿಗೆ."

ಫೋನು ಕೈ ಬದಲಾಯಿಸಿದ ಸದ್ದು ಕೇಳಿಸಿತು. ಅವನು ಚೋಂಗ್, ಚೋಂಗ್ ಎಂದು ಕರೆದ. ಆ ಕಡೆ ಉಸಿರಾಟವಿತ್ತು, ಮಾತಿರಲಿಲ್ಲ. ಆಮೇಲೆ ಅವಳು ಫೋನನ್ನು ಮಗಳಿಗೇ ವಾಪಸು ಕೊಟ್ಟಳು.

*

ಮನಿಲಾದ ವಿಮಾನ ಮಧ್ಯಾಹ್ನ ಇಳಿಯಿತು. ಗೊರಿಯುವೂ ಎಲಾದಿಯುವೂ ಹೊರಬಾಗಿಲ ನೆರಳಿನಲ್ಲಿ ಒಟ್ಟಿಗೆ ನಿಂತಿದ್ದರು. ಸಭಾಧ್ಯಕ್ಷರ ಕಚೇರಿಯ ಬಿಳಿ ವ್ಯಾನು ಬಂದು ನಿಂತಿತ್ತು. ತಿಹಾಳಿಗೆ ಸೆಕೆ ಆಗಬಾರದೆಂದು ಮೆಲ್ಚೊರ್ ಕಳಿಸಿದ್ದ. ಚಾಲಕ ಎಂಜಿನ್ ಆರಿಸದೆ ಒಳಗೆ ತಂಪು ಹಿಡಿದಿಟ್ಟಿದ್ದ. ಅದರ ಹಿಂದೆ ಎಲಾದಿಯುವಿನ ತುಕ್ಕು ತಿಂದ ಪಿಕಪ್ ನಿಂತಿತ್ತು.

ಹೋಸೆಫಾಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಅವಳು ಅಪ್ಪನನ್ನು ಕಂಡು ಕೈ ಎತ್ತಿದಳು. ಹಿಂದೆ ಚೋಂಗ್ ನಡೆದೇ ಬಂದಳು, ರೀತಾಳ ತೋಳು ಹಿಡಿದು. ಮುಖದ ಅರ್ಧಕ್ಕೆ ವಸ್ತ್ರ ಸುತ್ತಿತ್ತು. ಉಳಿದ ಅರ್ಧ ಗೊರಿಯುವಿಗೆ ಗುರುತು ಸಿಗದಷ್ಟು ಸಣ್ಣದಾಗಿತ್ತು. ಅವನು ಎರಡು ಹೆಜ್ಜೆ ಮುಂದೆ ಬಂದು ಚೀಲಕ್ಕೆ ಕೈಚಾಚಿದ. ಅವಳು ಚೀಲ ಕೊಟ್ಟಳು.

"ಈ ಗಾಡಿ ಯಾರದ್ದು?" ಎಂದಳು ವ್ಯಾನಿನ ಕಡೆ ನೋಡಿ.

"ಮೆಲ್ಚೊರ್ ಕಳಿಸಿದ್ದು."

ಚೋಂಗ್ ವ್ಯಾನನ್ನು ದಾಟಿ ನಡೆದಳು. "ಪಾರೆ, ನಿನ್ನ ಗಾಡೀಲಿ ಜಾಗ ಇದೆಯಾ?"

"ಮುಂದೆ ಮೂರು ಜನಕ್ಕೆ ಇದೆ," ಎಂದ ಎಲಾದಿಯು. "ಸೀಟು ಹರಿದಿದೆ, ಹುಷಾರಾಗಿ ಕೂತ್ಕೊ. ಗೊರಿಯು, ನೀನು ಹಿಂದೆ ಹತ್ತು. ಹಂದಿ ಸಾಗಿಸೋ ಜಾಗ, ನಿಂಗೇನೂ ಹೊಸದಲ್ಲ."

ರೀತಾ ಸಾಮಾನುಗಳ ಜೊತೆ ವ್ಯಾನಿನಲ್ಲಿ ಹೋದಳು. ಹೋಸೆಫಾಳನ್ನು ಎತ್ತಿ ಮುಂದಿನ ಸೀಟಿನ ನಡುವೆ ಕೂರಿಸಿದರು. ಚೋಂಗ್ ಬಾಗಿಲ ಬದಿಗೆ ಕುಳಿತಳು. ಗೊರಿಯು ಹಿಂದೆ ಹತ್ತಿ, ಬಿಸಿ ತಗಡಿನ ಮೇಲೆ ಗೋಣಿ ಹಾಸಿಕೊಂಡು, ಕ್ಯಾಬಿನ್ನಿನ ಹಿಂದಿನ ಗಾಜಿಗೆ ಬೆನ್ನು ಕೊಟ್ಟು ಕುಳಿತ.

ಸಮುದ್ರದ ದಾರಿಗೆ ಬಂದ ಮೇಲೆ ಅವನು ತಿರುಗಿ ನೋಡಿದ. ಗಾಜಿನ ಆಚೆ ಚೋಂಗ್ ಮುಖದ ವಸ್ತ್ರ ಕೆಳಗೆ ಸರಿಸಿದ್ದಳು. ಅವಳು ಮಾತಾಡುತ್ತಿದ್ದಳು. ಎರಡು ಪದ ಆಡಿದರೆ ನೋಯುವ ದವಡೆಯನ್ನು ಒಂದು ಕೈಯಲ್ಲಿ ಆತು ಹಿಡಿದು, ಎಲಾದಿಯುವಿನ ಕಡೆ ತಿರುಗಿ, ನಿಲ್ಲಿಸದೆ ಮಾತಾಡುತ್ತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಹೋಸೆಫಾ ಅವರಿಬ್ಬರ ನಡುವೆ ತಲೆ ತಗ್ಗಿಸಿ ಕುಳಿತಿದ್ದಳು. ಎಲಾದಿಯು ಮೊದಲು ಏನೋ ತಮಾಷೆ ಹೇಳಿದಂತೆ ಕಂಡಿತು. ಆಮೇಲೆ ಹೇಳಲಿಲ್ಲ.

ಪಿಕಪ್ ನಿಧಾನವಾಯಿತು. ರಸ್ತೆಯ ಬದಿಯ ಮರಳಿಗೆ ಇಳಿದು ನಿಂತಿತು. ಹಿಂದಿನಿಂದ ಬಂದ ಬಿಳಿ ವ್ಯಾನು ಅವರನ್ನು ದಾಟಿಕೊಂಡು ಮುಂದೆ ಹೋಯಿತು.

ಎಲಾದಿಯು ಇಳಿದು ಬಂದು ಬೈಯುತ್ತಾನೆ ಎಂದು ಗೊರಿಯು ಕಾದ. ಅವನು ಇಳಿಯಲಿಲ್ಲ. ಎಂಜಿನ್ನನ್ನು ಆರಿಸಲೂ ಇಲ್ಲ. ಎರಡೂ ಕೈ ಚಕ್ರದ ಮೇಲಿಟ್ಟು, ಮುಂದಿನ ರಸ್ತೆ ನೋಡುತ್ತ ಸುಮ್ಮನೆ ಕುಳಿತಿದ್ದ. ಮೂವರಲ್ಲಿ ಯಾರೂ ಹಿಂದಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗೊರಿಯು ಹಿಂಬಾಗಿಲ ಹಲಗೆ ಹಿಡಿದು ಕೆಳಗಿಳಿದ. ಅವನ ಕಾಲು ಮರಳಿಗೆ ತಾಗಿದ ಕೂಡಲೇ ಗಾಡಿ ಹೊರಟಿತು.